ಖಾಲಿ ಕೊಠಡಿ ಯಾರದು?

ವಾಚನಾಲಯದ ಹುಡುಗರು ಮನೆಗೆ ಬಂದು, "ಈ ಸಾರಿಯ ಪುಸ್ತಕಕ್ಕೆ ನೀವೂ ಬರೀಬೇಕು, ಹಾಡು ಬೇಡ, ಯೋಚನೆ ಮಾಡಿ ಏನಾದರೂ ಬರೆದುಕೊಡಿ" ಅಂದರು. ನಾನು ಓದಿದ್ದು ಏಳನೇ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ತಾಳವಾಡಿ ಕಡೆಯ ಮಾವನ ಮನೆಯಲ್ಲಿ. ಆದ್ದರಿಂದ ಕಾಗುಣಿತ ತಪ್ಪಿದ್ದರೆ ಮೇಷ್ಟ್ರುಗಳು ಮನಸ್ಸಿನಲ್ಲೇ ತಿದ್ದಿಕೊಂಡು ಓದಬೇಕು. ಯೋಚನೆ ಅಂದರೆ, ಎರಡು ವರ್ಷದಿಂದ ನನಗೆ ಒಂದೇ ಯೋಚನೆ. ನಮ್ಮೂರ ಶಾಲೆಯಲ್ಲಿ ಬೀಗ ಹಾಕಿಟ್ಟಿದ್ದ ಆ ಕೊಠಡಿಗಳು ಯಾರವು? ಮಕ್ಕಳಿಗೆ ಅಂತ ಕಟ್ಟಿದ ಕೊಠಡಿಗೆ ಮಕ್ಕಳು ಬಾರದೆ ಹೋದರೆ, ಅದನ್ನು ಊರವರು ತೆರೆದು ಕೂತುಕೊಳ್ಳೋದು ಸರಿಯೋ ತಪ್ಪೋ?

ಶಾಲೆಯನ್ನು ಕಂಡಿಲ್ಲದವರಿಗೆ ಮೊದಲು ಹೇಳಿಬಿಡ್ತೀನಿ. ತೊಂಡಾಮುತ್ತೂರಿನಿಂದ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ, ತೆಂಗು ಅಡಿಕೆ ತೋಟಗಳ ನಡುವೆ ನಮ್ಮೂರು. ಸಣ್ಣ ಈರುಳ್ಳಿ, ಟೊಮೆಟೊ, ಬಾಳೆ, ಅರಿಶಿನ ಬೆಳೀತೀವಿ. ನೀರಿಗೆ ಕೊರತೆ ಅಷ್ಟಿಲ್ಲ, ಆನೆಗೂ ಕೊರತೆ ಇಲ್ಲ. ಶಾಲೆ ಪಂಚಾಯತ್ ಒಕ್ಕೂಟದ ಪ್ರಾಥಮಿಕ ಶಾಲೆ, ಐದನೇ ಕ್ಲಾಸಿನವರೆಗೆ. ನಾಲ್ಕು ಕೊಠಡಿ. ಎರಡು ಹಳೇ ಹೆಂಚಿನವು, ಎರಡು ಆಮೇಲೆ ಕಟ್ಟಿದ ತಾರಸಿಯವು. ನಾನು ಸೇರಿದಾಗ ಹೆಂಚಿನವು ಎರಡೇ ಇದ್ದವು, ಒಂದೊಂದರಲ್ಲೂ ಐವತ್ತರ ಮೇಲೆ ಮಕ್ಕಳು. ಮಳೆ ಬಂದರೆ ಜಗಲಿಯ ಕ್ಲಾಸಿನವರೂ ಒಳಗೆ ನುಗ್ಗುತ್ತಿದ್ದರು. ಈಗ ಶಾಲೆಯಲ್ಲಿ ಹನ್ನೊಂದು ಮಕ್ಕಳು, ಇಬ್ಬರು ಟೀಚರು. ತಾರಸಿ ಕೊಠಡಿ ಎರಡೂ ಸಾಕಾಗಿ ಉಳಿದಿವೆ. ಹೆಂಚಿನ ಕೊಠಡಿಗಳಿಗೆ ಬೀಗ ಬಿದ್ದು ಒಂಬತ್ತು ವರ್ಷವಾಗಿತ್ತು.

ಮಕ್ಕಳು ಎಲ್ಲಿ ಹೋದರು ಅಂತ ಯಾರನ್ನೂ ಬೈದು ಪ್ರಯೋಜನವಿಲ್ಲ. ಮೊದಲನೆಯದಾಗಿ, ಮಕ್ಕಳು ಹುಟ್ಟುವುದೇ ಕಡಿಮೆ. ನಮ್ಮಪ್ಪನಿಗೆ ನಾವು ಆರು ಜನ, ನನಗೆ ಇಬ್ಬರು, ನನ್ನ ಮಗನಿಗೆ ಒಬ್ಬನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.8 ಮಕ್ಕಳು. ಅಪ್ಪ ಅಮ್ಮ ಇಬ್ಬರ ಜಾಗ ತುಂಬಲಿಕ್ಕೇ 2.1 ಬೇಕಂತೆ. ಎರಡನೆಯದಾಗಿ, ಇರುವ ಮಕ್ಕಳೂ ಬೆಳಗಾದರೆ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗ್ತಾರೆ. ಇದು ಎಲ್ಲ ಊರಿನ ಕಥೆ.

ಆದರೆ ಈ ಕಥೆಯಲ್ಲಿ ಒಂದು ತಿರುವಿದೆ, ಅದನ್ನು ನಾವು ಮರೆಯಬಾರದು. 1953ರಲ್ಲಿ ರಾಜಾಜಿಯವರು ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ ಪ್ರಾಥಮಿಕ ಶಾಲೆಗೆ ಒಂದು ಹೊಸ ಪದ್ಧತಿ ತಂದರು. ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದೋದು, ಉಳಿದ ಹೊತ್ತು ಅಪ್ಪನ ಕಸುಬು ಕಲಿಯೋದು. ಕಟ್ಟಡ ಸಾಲದು, ಮೇಷ್ಟ್ರು ಸಾಲದು, ಪಾಳಿಯಲ್ಲಿ ಓದಿದರೆ ಅದೇ ಕೊಠಡಿಯಲ್ಲಿ ಎರಡರಷ್ಟು ಮಕ್ಕಳು ಓದಬಹುದು ಅನ್ನೋದು ಅವರ ಲೆಕ್ಕ. ಚಪ್ಪಲಿ ಹೊಲಿಯುವವನ ಮಗ ಚಪ್ಪಲಿಯನ್ನೇ ಹೊಲಿಯಬೇಕಾ ಅಂತ ಜನ ಎದ್ದರು, ಕುಲಕಸುಬಿನ ಶಿಕ್ಷಣ ಅಂತ ಅದಕ್ಕೆ ಹೆಸರು ಬಿತ್ತು. 1954ರಲ್ಲಿ ಕಾಮರಾಜರು ಬಂದು ಅದನ್ನು ತೆಗೆದುಹಾಕಿದರು. ಅರ್ಧ ದಿನ ಅಲ್ಲ, ಪೂರ್ತಿ ದಿನ ಓದಲಿ ಅಂದರು. 1956ರಿಂದ ಮಧ್ಯಾಹ್ನದ ಊಟ ಶುರುವಾಯಿತು. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ನೆ.ದು. ಸುಂದರವಡಿವೇಲು ಅವರು 1958ರ ಹೊತ್ತಿಗೆ ಊರೂರಲ್ಲಿ ಶಾಲಾ ಸುಧಾರಣೆ ಸಮ್ಮೇಳನ ನಡೆಸಿದರು. ಸರ್ಕಾರ ಕೊಡುವಷ್ಟು ಕೊಡಲಿ, ಉಳಿದದ್ದು ಊರು ಕೊಡಲಿ ಅಂತ. ಊರವರು ಕೊಟ್ಟರು. ಒಬ್ಬರು ಜಾಗ, ಒಬ್ಬರು ಮರ, ಒಬ್ಬರು ಬೆಂಚು, ಒಬ್ಬರು ಗಡಿಯಾರ. ನಮ್ಮೂರ ಹೆಂಚಿನ ಕೊಠಡಿ ಆ ಕಾಲದ್ದು. ನಮ್ಮ ತಾತ ಕಲ್ಲು ಹೊಡೆದದ್ದು, ಗಾಡಿ ಕಟ್ಟಿದ್ದು ಮನೆಯಲ್ಲಿ ಹೇಳ್ತಾನೇ ಇದ್ದರು. ತಾತನಿಗೆ ಓದು ಬರ್ತಿರಲಿಲ್ಲ.

ಅಂದರೆ ಎಪ್ಪತ್ತು ವರ್ಷದ ಹಿಂದೆ ಈ ರಾಜ್ಯದಲ್ಲಿ, ಮಕ್ಕಳಿಗೆ ಕೊಠಡಿ ಸಾಲದು ಅಂತ ಒಂದು ದೊಡ್ಡ ಜಗಳವೇ ಆಯಿತು. ಈಗ ಕೊಠಡಿಗೆ ಮಕ್ಕಳು ಸಾಲದು. ಗೋಡೆ ಅದೇ, ಹೆಂಚು ಅದೇ.

ನನಗೆ ಈ ಯೋಚನೆ ಹತ್ತಿದ್ದು ದೊಡ್ಡ ವಿಚಾರದಿಂದ ಅಲ್ಲ, ಹಾಡಿನಿಂದ. ನಮ್ಮದು ಏಳು ಜನರ ಮೇಳ. ಮದುವೆಗೆ ಸೋಬಾನೆ, ಹಬ್ಬಕ್ಕೆ ಕುಮ್ಮಿ, ಸಾವಿನ ಮನೆಗೆ ರಾತ್ರಿ ಪೂರ್ತಿ ಹಾಡು. ವಾರಕ್ಕೊಂದು ಸಂಜೆ ಕೂತು ಹಾಡಿಕೊಳ್ಳದಿದ್ದರೆ ಹಾಡು ಮರೆತುಹೋಗುತ್ತೆ, ನಮಗೆಲ್ಲ ವಯಸ್ಸಾಗಿದೆ. ಮೊದಲು ಊರಾಚೆ ಹುಣಸೇ ಮರದ ಕೆಳಗೆ ಕೂರ್ತಿದ್ದೆವು. ಕತ್ತಲಾದ ಮೇಲೆ ಆನೆ ಬರಲು ಶುರುವಾಯಿತು, ಅಲ್ಲಿ ಬಿಟ್ಟೆವು. ಆಮೇಲೆ ದೇವಸ್ಥಾನದ ಮಂಟಪಕ್ಕೆ ಬಂದೆವು. ಒಂದು ಮಳೆಗಾಲದಲ್ಲಿ ಮಂಟಪ ಸೋರಿತು. ಆಗ ಯಾರೋ ಅಂದರು, "ಶಾಲೇಲಿ ಎರಡು ಕೊಠಡಿ ಸುಮ್ನೆ ಬಿದ್ದಿದೆಯಲ್ಲ, ಕೇಳೋಣ."

ಕೇಳಲು ಹೋದವನು ನಾನು. ಹೆಡ್‌ ಟೀಚರಮ್ಮ ಒಳ್ಳೆಯವರು, ಕೂರಿಸಿ ಕಾಫಿ ಕೊಟ್ಟರು. "ಅಯ್ಯಾ, ಕಟ್ಟಡ ಒಕ್ಕೂಟದ್ದು, ಶಾಲೆ ಇಲಾಖೆಯದ್ದು, ಏನಾದರೂ ಹೆಚ್ಚುಕಡಿಮೆ ಆದರೆ ತಲೆ ನನ್ನದು" ಅಂದರು. ನಾನು ಸುಮ್ಮನಿರಲಿಲ್ಲ. ನಮ್ಮ ತಾತ ಕಲ್ಲು ಹೊತ್ತ ಕಥೆ ಹೇಳಿದೆ. ಊರ ಬೆವರಿನಿಂದ ಎದ್ದ ಕೊಠಡಿ, ಊರಿನ ಬಾವಲಿಗೆ ಕೊಟ್ಟಿದ್ದೀರಿ, ಊರಿನ ಜನಕ್ಕೆ ಕೊಡಲ್ವಾ ಅಂತ ಸ್ವಲ್ಪ ಜೋರಾಗೇ ಕೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ನಿಮ್ಮ ಮೊಮ್ಮಗ ಎಲ್ಲಿ ಓದ್ತಾನೆ ಅಯ್ಯಾ?" ಅಂದರು.

ನನ್ನ ಮೊಮ್ಮಗ ವ್ಯಾನಿನಲ್ಲಿ ಹೋಗುವವನು.

ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದೆ. ಒಂದು ತಿಂಗಳು ಆ ಕಡೆ ಹೋಗಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಅವರು ಕೇಳಿದ ಪ್ರಶ್ನೆ ಇಷ್ಟೇ: ಕೊಠಡಿಯನ್ನು ಖಾಲಿ ಮಾಡಿದವನೇ ಬಂದು, ಖಾಲಿ ಇದೆ ಕೊಡಿ ಅಂತ ಕೇಳಬಹುದಾ?

ಇದು ಚೆನ್ನಾಗಿ ಯೋಚಿಸಬೇಕಾದ ಪ್ರಶ್ನೆ. ಒಬ್ಬ ಮಗ ಅಪ್ಪನನ್ನು ನೋಡಿಕೊಳ್ಳದೆ ಪೇಟೆಗೆ ಹೋಗಿ, ಅಪ್ಪ ಹಾಸಿಗೆ ಹಿಡಿದಾಗ ಬಂದು, ಮುಂದಿನ ಕೋಣೆ ಬಾಡಿಗೆಗೆ ಕೊಡೋಣ ಅಂದರೆ ಊರು ಏನನ್ನುತ್ತೆ? ನಾವು ಶಾಲೆಗೆ ಮಾಡಲು ಹೊರಟದ್ದು ಅದೇನಾ? ಟೀಚರುಗಳ ಹೆದರಿಕೆಯೂ ಸುಳ್ಳಲ್ಲ. ಇವತ್ತು ಎರಡು ಕೊಠಡಿ ಊರಿಗೆ ಕೊಟ್ಟರೆ, ನಾಳೆ ಅಧಿಕಾರಿ ಬಂದು, ಈ ಶಾಲೆಗೆ ಎರಡೇ ಸಾಕು ಅಂತ ಬರ್ಕೊಳ್ತಾರೆ. ನಾಡಿದ್ದು ಒಂದೇ ಸಾಕು ಅಂತಾರೆ. ಆಚೆ ನಾಡಿದ್ದು, ಪಕ್ಕದೂರಿನ ಶಾಲೆಗೆ ಸೇರಿಸಿಬಿಡಿ ಅಂತಾರೆ. 2019ರಲ್ಲಿ ತಮಿಳುನಾಡು ಸರ್ಕಾರ, ಮಕ್ಕಳೇ ಇಲ್ಲದ ಅಥವಾ ಬೆರಳೆಣಿಕೆಯ ಮಕ್ಕಳಿರುವ 46 ಶಾಲೆಗಳನ್ನು ಗ್ರಂಥಾಲಯ ಮಾಡ್ತೀವಿ ಅಂದಾಗ ಇದೇ ವಾದ ಎದ್ದಿತ್ತು. ಶಾಲೆ ಮುಚ್ಚುತ್ತಿಲ್ಲ ಅಂತ ಸರ್ಕಾರ ಹೇಳಿತು. ಮುಚ್ಚೋದಕ್ಕೆ ಇದು ನಯವಾದ ಹೆಸರು ಅಂತ ಬೇರೆಯವರು ಹೇಳಿದರು. ಗ್ರಂಥಾಲಯ ಒಳ್ಳೇದೇ. ಆದರೆ ಮಗು ಇದ್ದ ಜಾಗದಲ್ಲಿ ಪುಸ್ತಕ ಇಟ್ಟರೆ ಮಗು ಇದ್ದ ಹಾಗೆ ಆಗುತ್ತಾ?

ಹಾಗಾದರೆ ಬೀಗ ಹಾಕಿಯೇ ಇಡೋಣವಾ? ಅದಕ್ಕೂ ನನ್ನ ಮನಸ್ಸು ಒಪ್ಪಲಿಲ್ಲ. ಅದಕ್ಕೆ ಮೂರು ಕಾರಣ.

ಮೊದಲನೆಯದು, ಬೀಗ ಏನನ್ನೂ ಕಾಯುವುದಿಲ್ಲ. 2021ರ ಡಿಸೆಂಬರಿನಲ್ಲಿ ತಿರುನೆಲ್ವೇಲಿಯ ಒಂದು ಶಾಲೆಯಲ್ಲಿ ಗೋಡೆ ಬಿದ್ದು ಮೂವರು ಮಕ್ಕಳು ಸತ್ತರು. ಆಮೇಲೆ ರಾಜ್ಯದಲ್ಲೆಲ್ಲ ಹಳೇ ಶಾಲಾ ಕಟ್ಟಡ ಪರೀಕ್ಷೆ ಮಾಡಿ, ಗಟ್ಟಿಯಿಲ್ಲದ್ದನ್ನು ಕೆಡವಲು ಹೇಳಿದರು. ನಮ್ಮ ಶಾಲೆಗೂ ಕಳೆದ ವರ್ಷ ಇಂಜಿನಿಯರ್ ಬಂದರು. ಬೀಗ ತೆಗೆಸಿದಾಗ ನಾನೂ ಇದ್ದೆ. ಒಂದು ಕೊಠಡಿಯ ತೊಲೆಯನ್ನು ಗೆದ್ದಲು ಪೂರ್ತಿ ತಿಂದಿತ್ತು, ಕೋಲಿನಿಂದ ಮುಟ್ಟಿದರೆ ಪುಡಿ ಉದುರಿತು. ಇನ್ನೊಂದು ನಿಂತಿತ್ತು, ನಾಲ್ಕು ಹೆಂಚು ಸರಿದಿತ್ತು ಅಷ್ಟೆ. ಮೊದಲನೆಯದನ್ನು ಕೆಡವಿದರು. ವರ್ಷಕ್ಕೊಂದು ಸಾರಿ ಯಾರಾದರೂ ಒಳಗೆ ಹೋಗಿದ್ದರೆ ಗೆದ್ದಲಿನ ಮಣ್ಣು ಕಾಣುತ್ತಿತ್ತು, ಒಂದು ಡಬ್ಬ ಔಷಧಿಯಲ್ಲಿ ಮುಗಿಯುತ್ತಿತ್ತು. ನಮ್ಮ ತಾತನ ಕಲ್ಲನ್ನು ಜೆಸಿಬಿ ಎತ್ತಿ ಟ್ರ್ಯಾಕ್ಟರಿಗೆ ಹಾಕುವಾಗ ನಾನು ನೋಡುತ್ತಾ ನಿಂತಿದ್ದೆ. ಎರಡು ಇದ್ದದ್ದು ಒಂದಾಯಿತು. ಶಾಲೆಯನ್ನು ಉಳಿಸಲು ಬೀಗ ಹಾಕಿದೆವು ಅನ್ನುವವರು ಇದಕ್ಕೆ ಏನು ಹೇಳ್ತಾರೆ?

ಎರಡನೆಯದು, ಊರಲ್ಲಿ ಎಲ್ಲರೂ ಕೂರುವ ಸೂರು ಬೇರೆ ಇಲ್ಲ. ಇದನ್ನು ಬರೆಯಲು ಸ್ವಲ್ಪ ಕಷ್ಟ, ಆದರೂ ಬರೀತೀನಿ. ನಮ್ಮ ಮೇಳದಲ್ಲಿ ತಮಟೆ ಬಾರಿಸುವ ಗೆಳೆಯ ಕಾಲೋನಿಯವನು. ನಮ್ಮ ಮನೆ ಮಾತು ಕನ್ನಡ, ಅವನ ಮನೆ ಮಾತು ತೆಲುಗು, ಇಬ್ಬರೂ ಬೀದಿಯಲ್ಲಿ ಆಡೋದು ತಮಿಳು. ಅವನ ಕೈ ಇಲ್ಲದಿದ್ದರೆ ನಮ್ಮ ಹಾಡಿಗೆ ಕಾಲಿಲ್ಲ. ದೇವಸ್ಥಾನದ ಮಂಟಪದಲ್ಲಿ ನಾವು ಆರು ಜನ ಮೇಲೆ ಕೂರ್ತಿದ್ದೆವು, ಅವನು ಮೆಟ್ಟಿಲ ಕೆಳಗೆ ನಿಂತು ಬಾರಿಸುತ್ತಿದ್ದ. ಮೇಲೆ ಬರಬೇಡ ಅಂತ ಯಾರೂ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಎಷ್ಟೋ ವರ್ಷ ಹೀಗೇ ನಡೆಯಿತು, ಹಾಡಿನಲ್ಲಿ ಮಾತ್ರ ಎಲ್ಲರೂ ಒಂದೇ ಅಂತ ಹಾಡಿಕೊಂಡು.

ಶಾಲೆ ಏನು ಸ್ವರ್ಗವಾಗಿರಲಿಲ್ಲ. ನಾನು ಓದುವಾಗ ಶಾಲೆಯಲ್ಲೂ ನೀರಿನ ಲೋಟ ಬೇರೆ ಇತ್ತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಅಕ್ಷರದ ಸಾಲಿನಲ್ಲಿ ಬರ್ತಿತ್ತು, ಬೀದಿಯ ಸಾಲಿನಲ್ಲಿ ಅಲ್ಲ. ಊಟಕ್ಕೆ ಒಂದೇ ಪಂಕ್ತಿ. ಊರಲ್ಲಿ ಯಾರಪ್ಪನ ಮನೆಯೂ ಅಲ್ಲದ, ಯಾವ ಬೀದಿಯ ದೇವರಿಗೂ ಸೇರದ ಸೂರು ಅದೊಂದೇ. ಮೊದಲ ಸಂಜೆ ಆ ಕೊಠಡಿಯ ಬಾಗಿಲು ತೆಗೆದಾಗ ನಾವು ಆರು ಜನ ಹೊರಗೆ ಕಸ ಗುಡಿಸೋದು ಹೇಗೆ ಅಂತ ಮಾತಾಡುತ್ತಾ ನಿಂತಿದ್ದೆವು. ಅವನು ನೇರ ಒಳಗೆ ಹೋಗಿ ಕಿಟಕಿಯ ಪಕ್ಕ ಗೋಡೆಗೆ ಒರಗಿ ಕೂತ. "ಮೂರನೇ ಕ್ಲಾಸಲ್ಲಿ ಇಲ್ಲೇ ಕೂರ್ತಿದ್ದೆ" ಅಂದ. ಯಾರೂ ಬಾ ಅಂತ ಕರೆಯಬೇಕಾಗಿರಲಿಲ್ಲ. ಅವನದೇ ಜಾಗ.

ಮೂರನೆಯದು, ಕೊಠಡಿ ಬೇಕಾದವರು ನಾವು ಹಾಡುವವರಷ್ಟೇ ಅಲ್ಲ. ಕೊರೋನಾ ಮುಗಿದ ಮೇಲೆ, 2021ರ ಕೊನೆಯಲ್ಲಿ, ಮಕ್ಕಳು ಮರೆತದ್ದನ್ನು ಮತ್ತೆ ಕಲಿಸಲು ಸರ್ಕಾರ 'ಇಲ್ಲಂ ತೇಡಿ ಕಲ್ವಿ' ಅಂತ ಯೋಜನೆ ತಂದಿತು. ಮನೆ ಹುಡುಕಿ ಬರುವ ಶಿಕ್ಷಣ ಅಂತ ಅರ್ಥ. ಊರಿನ ಓದಿದ ಹೆಣ್ಣುಮಕ್ಕಳೇ ಸಂಜೆ ಹೊತ್ತು ಪಾಠ ಹೇಳಿಕೊಟ್ಟರು, ತಿಂಗಳಿಗೆ ಸಾವಿರ ರೂಪಾಯಿ ಗೌರವಧನ. ನಮ್ಮೂರಲ್ಲಿ ಒಬ್ಬ ಹುಡುಗಿ ತನ್ನ ಮನೆ ಜಗಲಿಯಲ್ಲಿ ಹದಿನೈದು ಮಕ್ಕಳನ್ನು ಕೂರಿಸಿಕೊಂಡಿದ್ದಳು. ಒಂದು ಕಡೆ ಕರು, ಒಂದು ಕಡೆ ಅಜ್ಜಿಯ ಟಿವಿ, ನಡುವೆ ಮಗ್ಗಿ. ನೂರು ಹೆಜ್ಜೆ ಆಚೆ ಕರಿಹಲಗೆ ಇರುವ ಕೊಠಡಿಗೆ ಬೀಗ. ಓದು ಮನೆ ಹುಡುಕಿ ಬಂತು ಸರಿ, ಶಾಲೆಯ ಬಾಗಿಲು ಯಾಕೆ ಹುಡುಕಲಿಲ್ಲ? ಸ್ವಸಹಾಯ ಸಂಘದ ಹೆಂಗಸರ ಲೆಕ್ಕ ಬರೆಯುವ ಸಭೆ ಬೀದಿ ದೀಪದ ಕೆಳಗೆ ನಡೆಯುತ್ತೆ. ವಾಚನಾಲಯದ ಪುಸ್ತಕ ಒಬ್ಬರ ಹಿಟ್ಟಿನ ಮಿಲ್ಲಿನ ಮೇಲಿನ ಕೋಣೆಯಲ್ಲಿದೆ, ಓದುವವರು ಏಣಿ ಹತ್ತಬೇಕು. ನನ್ನ ವಯಸ್ಸಿನವರು ಹತ್ತುವ ಹಾಗಿಲ್ಲ.

ಪುಸ್ತಕದ ಮಾತು ಬಂದದ್ದಕ್ಕೆ ಒಂದು ವಿಷಯ. ಇಡೀ ಭಾರತದಲ್ಲಿ ಮೊದಲು ಸಾರ್ವಜನಿಕ ಗ್ರಂಥಾಲಯಕ್ಕೆ ಕಾನೂನು ಮಾಡಿದ ರಾಜ್ಯಗಳ ಸಾಲಿನಲ್ಲಿ ಮುಂದಿರೋದು ನಮ್ಮ ಮದ್ರಾಸು, 1948ರಲ್ಲಿ. ಆಗ ಶಿಕ್ಷಣ ಮಂತ್ರಿ ಯಾರು? ಇಲ್ಲೇ ತಿರುಪ್ಪೂರಿನಲ್ಲಿ ಹುಟ್ಟಿದ, ಕೊಯಮತ್ತೂರಿನಲ್ಲಿ ರಾಮಕೃಷ್ಣ ವಿದ್ಯಾಲಯ ಕಟ್ಟಿದ ಅವಿನಾಶಿಲಿಂಗಂ ಚೆಟ್ಟಿಯಾರು. ಆ ಕಾನೂನಿನ ಹಿಂದೆ ನಿಂತವರು ಗ್ರಂಥಾಲಯ ಶಾಸ್ತ್ರ ಬರೆದ ಎಸ್.ಆರ್. ರಂಗನಾಥನ್. ಪುಸ್ತಕ ಇರೋದು ಭದ್ರವಾಗಿ ಇಡಲಿಕ್ಕಲ್ಲ, ಬಳಸಲಿಕ್ಕೆ ಅನ್ನೋದು ಅವರ ಮೊದಲ ಪಾಠ. ಮನೆ ತೆರಿಗೆ ಕಟ್ಟುವಾಗ ಗ್ರಂಥಾಲಯಕ್ಕೆ ಅಂತ ಒಂದು ಪಾಲು ನಾವು ಇವತ್ತಿಗೂ ಕೊಡ್ತೀವಿ, ರಸೀದಿ ತಿರುಗಿಸಿ ನೋಡಿ. ಪುಸ್ತಕಕ್ಕೆ ಹೇಳಿದ ಮಾತು ಕೊಠಡಿಗೂ ಸಲ್ಲಬೇಕಲ್ಲವಾ?

ನಾಚಿಕೆ ಒಂದು ಕಡೆ, ಈ ಮೂರು ಕಾರಣ ಒಂದು ಕಡೆ. ಎರಡಕ್ಕೂ ನಡುವೆ ದಾರಿ ಕಂಡದ್ದು ಹೊಲದಲ್ಲಿ.

ರೈತರಿಗೆ ಗೊತ್ತು, ಖಾಲಿ ಹೊಲದಲ್ಲಿ ಎರಡು ತರ. ಒಂದು ಬಿಟ್ಟುಹೋದ ಹೊಲ. ಅದಕ್ಕೆ ಬೇಲಿ ಇದ್ದರೂ ಸರಿ, ಒಳಗೆ ಪಾರ್ಥೇನಿಯಂ ಬೆಳೆದು ಪಕ್ಕದವನಿಗೂ ತೊಂದರೆ. ಇನ್ನೊಂದು ಬೆಳೆ ಕೊಯ್ದು ಮುಂದಿನ ಮಳೆಗೆ ಕಾಯುವ ಹೊಲ. ಆ ಹೊಲದಲ್ಲಿ ನಮ್ಮ ಹಿರಿಯರು ಕುರಿ ಮಂದೆ ತರುಬಿಸುತ್ತಿದ್ದರು. ಕುರಿಯವನು ಬಂದು ರಾತ್ರಿ ಹೊತ್ತು ಮಂದೆ ನಿಲ್ಲಿಸುತ್ತಾನೆ. ಅವನಿಗೆ ಜಾಗವಾಯಿತು, ಹೊಲಕ್ಕೆ ಗೊಬ್ಬರವಾಯಿತು. ಅವನು ಅಲ್ಲಿ ಮನೆ ಕಟ್ಟುವುದಿಲ್ಲ, ಮರ ಕಡಿಯುವುದಿಲ್ಲ. ಬಿತ್ತನೆ ದಿನ ಬಂತು ಅಂದರೆ ಹಟ್ಟಿ ಕಿತ್ತುಕೊಂಡು ಹೋಗುತ್ತಾನೆ. ಹೋದ ಮೇಲೆ ಹೊಲ ಮೊದಲಿಗಿಂತ ಚೆನ್ನಾಗಿರುತ್ತೆ. ಹೊಲ ಯಾರದು ಅಂತ ಅವನಿಗೂ ಅನುಮಾನವಿಲ್ಲ, ಹೊಲದವನಿಗೂ ಅನುಮಾನವಿಲ್ಲ.

ಶಾಲೆಯ ಕೊಠಡಿಗೆ ನಾವು ಹೋಗಬೇಕಾದದ್ದು ಕುರಿಯವನ ಹಾಗೆ. ಕೊಠಡಿ ಮಗುವಿನದು. ಇವತ್ತು ಬಾರದ ಮಗುವಿನದೂ ಹೌದು. ನಾವು ರಾತ್ರಿ ತಂಗುವವರು. ನಾವು ಹೋದ ಮೇಲೆ ಆ ಜಾಗ ಮಗುವಿಗೆ ಮೊದಲಿಗಿಂತ ಒಳ್ಳೆಯದಾಗಿ ಉಳಿಯಬೇಕು. ಯಾವ ಬಳಕೆ ಸರಿ, ಯಾವುದು ತಪ್ಪು ಅಂತ ಇದರಿಂದಲೇ ತೂಗಬಹುದು. ಆ ಕೊಠಡಿಯಲ್ಲಿ ಅರಿಶಿನದ ಮೂಟೆ ಇಡೋಣ, ಬಾಡಿಗೆ ಪಂಚಾಯತಿಗೆ ಬರುತ್ತೆ ಅಂತ ಒಬ್ಬರು ಹೇಳಿದರು. ಅರಿಶಿನ ಮಗುವಿಗೆ ಏನು ಬಿಟ್ಟುಹೋಗುತ್ತೆ? ವಾಸನೆ. ಪಕ್ಷದ ಕಚೇರಿ? ಗೋಡೆ ಮೇಲೆ ಒಬ್ಬರ ಬಣ್ಣ, ನಾಳೆ ಜಗಳ. ಒಂದೇ ಬೀದಿಯವರ ಸಂಘ? ಆ ಸೂರಿನ ಗುಣವೇ ಹೋಯಿತು. ಇವೆಲ್ಲ ಬರಬಾರದು. ಓದು ಬರಲಿ, ಸಂಜೆ ಪಾಠ ಬರಲಿ, ಹೆಂಗಸರ ಲೆಕ್ಕದ ಸಭೆ ಬರಲಿ. ಅಮ್ಮ ಕೂತು ಲೆಕ್ಕ ಬರೆಯೋದನ್ನು ಮಗು ನೋಡಿದರೆ ಅದೂ ಪಾಠವೇ. ಹಾಡು ಬರಲಿ, ಆದರೆ ಮಕ್ಕಳಿಗೂ ಹಾಡಿ ಹೋಗಲಿ.

ಇದು ನಮ್ಮೂರಿನ ಹೊಸ ಬುದ್ಧಿಯೇನೂ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಜಿಲ್ಲೆಯಲ್ಲಿ ಹೆನ್ರಿ ಮಾರಿಸ್ ಅನ್ನುವ ಶಿಕ್ಷಣಾಧಿಕಾರಿ, ಹಳ್ಳಿಯ ಶಾಲೆ ಹಗಲು ಮಕ್ಕಳಿಗೆ, ಸಂಜೆ ಊರಿಗೆ ಅಂತ ಯೋಚಿಸಿ, 1930ರಲ್ಲಿ ಸಾಸ್ಟನ್ ಅನ್ನುವ ಹಳ್ಳಿಯಲ್ಲಿ ಅಂಥ ಮೊದಲನೆಯ ಶಾಲೆ ತೆರೆದರು. ಗ್ರಂಥಾಲಯ, ಸಭಾಂಗಣ, ದೊಡ್ಡವರ ಕ್ಲಾಸು ಎಲ್ಲ ಒಂದೇ ಅಂಗಳದಲ್ಲಿ. ಜಪಾನಿನಲ್ಲಿ ನಮಗಿಂತ ಮೊದಲೇ ಮಕ್ಕಳು ಕಡಿಮೆಯಾದರು. ಅಲ್ಲಿನ ಶಿಕ್ಷಣ ಇಲಾಖೆ 2010ರಿಂದ ಮುಚ್ಚಿದ ಶಾಲೆಗಳ ಪಟ್ಟಿ ಹೊರಗಿಟ್ಟು, ಇದನ್ನು ಬಳಸುವವರು ಯಾರಿದ್ದೀರಿ ಬನ್ನಿ ಅಂತ ಕರೆಯುತ್ತಿದೆ. ನಮ್ಮ ಭಾಷೆಯ ರಾಜ್ಯ ಕರ್ನಾಟಕದಲ್ಲಿ 2020ರಲ್ಲಿ 'ಓದುವ ಬೆಳಕು' ಅಂತ ಮಾಡಿ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಕಾಸಿಲ್ಲದೆ ಸದಸ್ಯರಾಗಿಸಿದರು. ಇವನ್ನೆಲ್ಲ ನನಗೆ ಹೇಳಿದ್ದು ವಾಚನಾಲಯದ ಹುಡುಗರು. ಇದರಲ್ಲಿ ನನಗೆ ಹಿಡಿಸಿದ್ದು ಸಾಸ್ಟನ್ನಿನ ಕಥೆ. ಯಾಕೆಂದರೆ ಅಲ್ಲಿ ಶಾಲೆ ಸತ್ತ ಮೇಲೆ ಊರು ಒಳಗೆ ಬರಲಿಲ್ಲ, ಶಾಲೆ ಬದುಕಿರುವಾಗಲೇ ಬಂತು.

ನಮ್ಮ ಶಾಲೆ ಬದುಕಿದೆ, ಅದನ್ನು ಮರೆಯಬಾರದು. ಹನ್ನೊಂದು ಮಕ್ಕಳಿದ್ದಾರೆ. 2023ರ ಆಗಸ್ಟಿನಿಂದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳ ಹಾಗೆ ಇಲ್ಲೂ ಬೆಳಗಿನ ತಿಂಡಿ ಬೇಯುತ್ತೆ. ಎಂಟು ಗಂಟೆಗೆ ಆ ದಾರಿಯಲ್ಲಿ ಹೋದರೆ ಉಪ್ಪಿಟ್ಟಿನ ವಾಸನೆ ಬರುತ್ತೆ. ಹನ್ನೊಂದು ಜನರ ಶಾಲೆ ಅಂತ ಸತ್ತದ್ದರ ಹಾಗೆ ಮಾತಾಡೋದು ಆ ಹನ್ನೊಂದು ಮಕ್ಕಳಿಗೆ ಮಾಡುವ ಅವಮಾನ.

ಇಷ್ಟು ಯೋಚಿಸಿಕೊಂಡು ಮತ್ತೆ ಟೀಚರಮ್ಮನ ಹತ್ತಿರ ಹೋದೆ. ಈ ಸಾರಿ ತಾತನ ಕಲ್ಲಿನ ಮಾತು ಎತ್ತಲಿಲ್ಲ. "ನನ್ನ ಮೊಮ್ಮಗ ವ್ಯಾನಿನಲ್ಲೇ ಹೋಗ್ತಾನೆ, ಅದು ಸೊಸೆಯ ಇಷ್ಟ, ಮಗನ ಇಷ್ಟ, ನಾನೂ ಅವತ್ತು ಬೇಡ ಅನ್ನಲಿಲ್ಲ. ಆದರೂ ಕೇಳಲು ಬಂದಿದ್ದೀನಿ" ಅಂದೆ. ಅವರು ನಕ್ಕರು. ಶಾಲಾ ನಿರ್ವಹಣಾ ಸಮಿತಿಯಲ್ಲಿ ಇಡೋಣ ಅಂದರು. 2009ರ ಶಿಕ್ಷಣ ಹಕ್ಕು ಕಾನೂನಿನಲ್ಲಿ ಈ ಸಮಿತಿ ಇದೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ನಾನು ಅದರಲ್ಲಿ ಇಲ್ಲ, ಇರುವ ಹಾಗೂ ಇಲ್ಲ. ನನ್ನ ಮಗು ಅಲ್ಲಿ ಓದೋದಿಲ್ಲವಲ್ಲ. ಹೊರಗೆ ಜಗಲಿಯಲ್ಲಿ ಕೂತಿದ್ದೆ. ಒಳಗೆ ತೀರ್ಮಾನ ಮಾಡಿದವರಲ್ಲಿ ಹೆಚ್ಚಿನವರು ನಮ್ಮ ತೋಟಕ್ಕೆ ಕೂಲಿಗೆ ಬರುವ ಹೆಂಗಸರು. ಅದು ಸರಿಯಾಗಿಯೇ ಇತ್ತು ಅಂತ ಈಗಲೂ ಅನ್ನಿಸುತ್ತೆ. ಯಾರ ಮಗು ಆ ನೆಲದ ಮೇಲೆ ಕೂರುತ್ತೋ ಅವರೇ ಬಾಗಿಲು ತೆಗೆಯಬೇಕು.

ಸಮಿತಿಯವರು ಬಿಡಿಒ ಕಚೇರಿಗೂ ಶಿಕ್ಷಣ ಇಲಾಖೆಗೂ ಬರೆದು ಒಪ್ಪಿಗೆ ತಂದರು, ಅದಕ್ಕೆ ಏಳು ತಿಂಗಳು ಹಿಡಿಯಿತು. ಕಟ್ಟಳೆ ಅವರೇ ಮಾಡಿದರು. ಶಾಲೆ ನಡೆಯುವ ಹೊತ್ತಿನಲ್ಲಿ ಹೊರಗಿನವರು ಯಾರೂ ಗೇಟು ದಾಟಬಾರದು. ಒಂದು ಬೀಗದ ಕೈ ಟೀಚರ ಹತ್ತಿರ, ಒಂದು ಸಮಿತಿಯ ಅಧ್ಯಕ್ಷೆಯ ಹತ್ತಿರ, ಮೂರನೆಯದು ಇಲ್ಲ. ಕುಡಿದು ಬಂದವನಿಗೆ, ಎಲೆ ಅಡಿಕೆ ಉಗುಳುವವನಿಗೆ ಜಾಗವಿಲ್ಲ. ಯಾರು ಬಳಸಿದರೋ ಅವರೇ ಗುಡಿಸಬೇಕು. ಒಂದು ಮಗುವಿಗೆ ಹೆಚ್ಚುವರಿ ಕೊಠಡಿ ಬೇಕಾಯಿತು ಅಂದರೆ ಮಾರನೇ ದಿನ ಎಲ್ಲರೂ ಖಾಲಿ ಮಾಡಬೇಕು. ಈ ಕೊನೆಯದನ್ನು ಬರೆದು ಬಾಗಿಲ ಒಳಗೆ ಅಂಟಿಸಿದ್ದಾರೆ.

ಪೊಂಗಲ್ ಕಳೆದ ಮೇಲೆ ಬಾಗಿಲು ತೆರೆಯಿತು. ಹೆಂಚು ಸರಿ ಮಾಡಿದ್ದು ನಾವು, ಸುಣ್ಣ ಬಳಿದದ್ದು ಸ್ವಸಹಾಯ ಸಂಘದವರು. ದೊಡ್ಡದೇನೂ ಆಗಿಲ್ಲ. ಬುಧವಾರ ಹೆಂಗಸರ ಸಭೆ, ಶನಿವಾರ ನಾವು. ಉಳಿದ ಸಂಜೆ ಮಕ್ಕಳು ಬಂದು ಲೆಕ್ಕ ಮಾಡ್ತಾರೆ, ಬಿಎ ಓದಿದ ಹುಡುಗಿಯೊಬ್ಬಳು ನೋಡಿಕೊಳ್ತಾಳೆ. ಶನಿವಾರ ನಾವು ಹಾಡುವ ಮೊದಲು ಅರ್ಧ ಗಂಟೆ ಮಕ್ಕಳದು. ಕುಮ್ಮಿ ಹೆಜ್ಜೆ ಹಾಕಿಸುತ್ತೀವಿ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಹಾಡ್ತೀವಿ. ಮನೆಯಲ್ಲಿ ಅಜ್ಜಿ ಆಡುವ ಮಾತು ಶಾಲೆಯ ಗೋಡೆಯೊಳಗೆ ಕೇಳಿದಾಗ ಒಂದು ಮಗು ನಮ್ಮನ್ನು ನೋಡಿದ ನೋಟ ನನಗೆ ಮರೆಯೋದಿಲ್ಲ. ಇದು ಇಲ್ಲೂ ಆಡಬಹುದಾ ಅನ್ನುವ ಹಾಗೆ ನೋಡಿತು.

ಮೊಮ್ಮಗನೂ ಒಂದು ಶನಿವಾರ ನನ್ನ ಜೊತೆ ಬಂದ. ಹನ್ನೊಂದು ಮಕ್ಕಳ ಜೊತೆ ಓಡಾಡಿದ. ವಾಪಸ್ ಬರುವಾಗ, "ತಾತ, ಇದು ಹತ್ತಿರಾನೇ ಇದೆಯಲ್ಲ, ನಾನ್ಯಾಕೆ ದೂರ ಹೋಗ್ತೀನಿ?" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಅವನು ಈಗಲೂ ವ್ಯಾನಿನಲ್ಲೇ ಹೋಗ್ತಾನೆ. ಮುಂದಿನ ಜೂನಿನಲ್ಲಿ ಏನಾಗುತ್ತೋ ಸೊಸೆಯ ಜೊತೆ ಮಾತಾಡಬೇಕು. ಮಾತಾಡುವ ಧೈರ್ಯ ನನಗೆ ಇನ್ನೂ ಪೂರ್ತಿ ಬಂದಿಲ್ಲ ಅನ್ನೋದನ್ನೂ ಇಲ್ಲಿ ಬರೆದುಬಿಡ್ತೀನಿ.

ಈ ಪುಸ್ತಕ ಓದುವ ಬೇರೆ ಊರಿನವರಿಗೆ, ಟೀಚರುಗಳಿಗೆ ನನ್ನ ಮಾತು ಇಷ್ಟೇ. ನಿಮ್ಮೂರಲ್ಲೂ ಬೀಗ ಹಾಕಿದ ಕೊಠಡಿ ಇದ್ದರೆ, ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಮೊದಲು ಇಂಜಿನಿಯರನ್ನು ಕರೆಸಿ ಗೋಡೆ, ತೊಲೆ ನೋಡಿಸಿ. ಆಮೇಲೆ ಅಲ್ಲಿ ಓದುವ ಮಕ್ಕಳ ತಾಯಂದಿರನ್ನು ಕೇಳಿ. ಕೊಠಡಿ ನಮ್ಮದು ಅಂತ ಹೋಗಬೇಡಿ, ನಾನು ಹಾಗೆ ಹೋಗಿ ನಾಚಿ ಬಂದವನು. ಬಿತ್ತನೆಗೆ ಮೊದಲು ಸ್ವಲ್ಪ ದಿನ ತಂಗ್ತೀವಿ, ಹೊಲಕ್ಕೆ ಗೊಬ್ಬರ ಬಿಟ್ಟು ಹೋಗ್ತೀವಿ ಅಂತ ಕೇಳಿ. ಹಾಗೆ ಕೇಳಿದರೆ ಬಾಗಿಲು ತೆರೆಯುತ್ತೆ. ನಮ್ಮೂರಲ್ಲಿ ಎರಡು ಉಳಿಯಬಹುದಾಗಿತ್ತು, ನಾವು ತಡ ಮಾಡಿದ್ದರಿಂದ ಒಂದೇ ಉಳಿಯಿತು. ನೀವು ತಡ ಮಾಡಬೇಡಿ.